ಚೀಲದ ತಳದ ನಿಂಬೆಹಣ್ಣು

ಮೊನ್ನೆ ನನ್ನ ಹೆಂಡತಿ ಜಯಂತಿ ಅಟ್ಟದಿಂದ ಹಳೆಯ ಸ್ಕೂಲ್ ಬ್ಯಾಗೊಂದನ್ನು ಇಳಿಸಿ ಧೂಳು ಕೊಡವಿದಳು. ಪಕ್ಕದ ಜೇಬಿಗೆ ಕೈ ಹಾಕಿದವಳು, ‘ಇದೇನ್ರೀ ಇದು?’ ಎಂದು ಕಪ್ಪಗೆ ಒಣಗಿದ ಉಂಡೆಯೊಂದನ್ನು ನನ್ನ ಅಂಗೈಯಲ್ಲಿಟ್ಟಳು. ಗಟ್ಟಿಯಾಗಿತ್ತು, ಹಗುರವಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಎಲ್ಲೋ ಒಳಗೆ ಇನ್ನೂ ಒಂದಿಷ್ಟು ನಿಂಬೆಯ ವಾಸನೆ. ನಮ್ಮ ಮಗಳು ಸಿಂಚನ ಐದನೇ ಕ್ಲಾಸಿನಲ್ಲಿ ಬೆನ್ನಿಗೆ ಹಾಕಿಕೊಂಡು ಓಡಾಡಿದ ಬ್ಯಾಗು ಅದು. ಜಿಪ್ಪು ಇನ್ನೂ ಗಟ್ಟಿಯಿದೆ, ನಮ್ಮ ಮೇಸ್ತ್ರಿ ಮಂಜಯ್ಯನ ಮಗಳು ಪಲ್ಲವಿಗೆ ಆಗುತ್ತದೆ ಎಂದು ಜಯಂತಿ ಇಳಿಸಿದ್ದಳು. ಬ್ಯಾಗು ಆಚೆ ಇಟ್ಟಾಯಿತು. ನಿಂಬೆಹಣ್ಣು ಮಾತ್ರ ನನ್ನ ಅಂಗಿ ಜೇಬಿನಲ್ಲೇ ಉಳಿಯಿತು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹಾಗೆ ನೋಡಿದರೆ ನಾನು ಯಾವತ್ತು ಕೂತವನು? ಬಾಳೂರು ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ನಾನು. ಬೆಳಿಗ್ಗೆ ಹಾಜರಿ ಬರೆದು ಆಳುಗಳನ್ನು ಹಂಚುವುದು, ಸಂಜೆ ಕೊಯ್ದು ತಂದ ಹಣ್ಣನ್ನು ನೋಡುವುದು. ಈ ನೋಡುವುದರಲ್ಲೇ ಇರುವುದು ಮಾರಾಯರೇ ಕಥೆ. ಕೊಯ್ಲಿನ ಚೀಲಗಳು ಸಾಲಾಗಿ ಬಂದು ಕೂರುತ್ತವೆ. ಬಾಯಿ ಬಿಚ್ಚಿದರೆ ಮೇಲೆಲ್ಲಾ ಕೆಂಪು ಹಣ್ಣು, ದೃಷ್ಟಿ ತಾಗುವ ಹಾಗೆ. ಮೊಣಕೈವರೆಗೂ ಕೈ ಇಳಿಸಿ ತಳದಿಂದ ಒಂದು ಮುಷ್ಟಿ ತೆಗೆದರೆ ಹಸಿರು ಕಾಯಿ, ಎಲೆ, ಕಡ್ಡಿ! ಅದಕ್ಕೇ ನಾನು ಚೀಲದ ಮೇಲ್ಭಾಗವನ್ನು ನೋಡುವುದೇ ಇಲ್ಲ. ಈ ಚಾಳಿ ಎಷ್ಟು ಅಂಟಿದೆಯೆಂದರೆ, ಮದುವೆ ಮನೆಯಲ್ಲಿ ಕೋಸಂಬರಿ ಬಡಿಸಲು ಬಂದರೂ ‘ಸ್ವಲ್ಪ ಅಡಿಯಿಂದ ಹಾಕಿ’ ಎನ್ನುತ್ತೇನೆ. ಜಯಂತಿ ಪಕ್ಕದಲ್ಲಿ ತಲೆ ತಗ್ಗಿಸಿಕೊಳ್ಳುತ್ತಾಳೆ.

ಸಿಂಚನ ನಾಲ್ಕನೇ ಕ್ಲಾಸು ಮುಗಿಸಿದ ವರ್ಷ ಅವಳಿಗೆ ಶಾಲೆ ಹುಡುಕಬೇಕಾಯಿತು. ಇಲ್ಲಿನ ಶಾಲೆಯಲ್ಲಿ ಇದ್ದ ಒಬ್ಬರೇ ಮೇಷ್ಟ್ರು ವರ್ಗವಾಗಿ ಹೊರಟಿದ್ದರು. ನಾನು ಕೇಳದ ಜನ ಇಲ್ಲ. ಧಣಿಗಳು ‘ಬೋರ್ಡಿಂಗಿಗೆ ಹಾಕಿಬಿಡಿ ರೈಟ್ರೆ, ಶಿಸ್ತು ಬರುತ್ತೆ’ ಎಂದರು. ವಸ್ತಾರೆಯಲ್ಲಿರುವ ನನ್ನ ತಂಗಿ, ‘ನಮ್ಮನೇಲಿ ಬಿಡಣ್ಣ, ಇಲ್ಲಿಂದ ಚಿಕ್ಕಮಗಳೂರಿಗೆ ಹೋಗಿ ಬರ್ಲಿ’ ಎಂದಳು. ಜಯಂತಿ ಒಂದೇ ಮಾತು ಹೇಳಿದಳು: ‘ಮಗು ರಾತ್ರಿ ನನ್ನ ಪಕ್ಕ ಮಲಗ್ಬೇಕು. ಉಳಿದದ್ದು ನೀವು ನೋಡ್ಕಳಿ.’ ಅಂದಮೇಲೆ ದಿನಾ ಹೋಗಿ ಬರುವಂಥ ಶಾಲೆಯೇ ಆಗಬೇಕು. ಮೂಡಿಗೆರೆಯಲ್ಲಿ ಹೆಣ್ಣುಮಕ್ಕಳಿಗೇ ಒಂದು ಖಾಸಗಿ ಶಾಲೆ ಇದೆ, ಚೆನ್ನಾಗಿದೆಯಂತೆ ಎಂದು ಯಾರೋ ಹೇಳಿದರು. ಯಾರೋ ಹೇಳಿದ್ದನ್ನು ನಂಬುವ ಜಾತಿಯೇ ನಾನು?

ಸಿಂಚನಳನ್ನು ಕೇಳಲಿಲ್ಲ. ಹತ್ತು ವರ್ಷದ ಹುಡುಗಿಯನ್ನು ಏನು ಕೇಳುವುದು? ಅವಳಿಗೆ ಆಗ ಬೇರೆಯೇ ಹುಚ್ಚು ಹಿಡಿದಿತ್ತು. ಮೆಣಸು ಕೊಯ್ಯುವ ಕಾಲ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳಿಗೆ ಒಂಟಿ ಏಣಿ ಒರಗಿಸಿ ಆಳುಗಳು ಸರಸರ ಹತ್ತುವುದನ್ನು ನೋಡುತ್ತಾ ದಿನವಿಡೀ ಕೆಳಗೆ ನಿಂತಿರುತ್ತಿದ್ದಳು. ‘ಅಪ್ಪ, ಒಂದೇ ಸಲ ಹತ್ತಲಾ? ನಾಲ್ಕೇ ಮೆಟ್ಲು.’ ‘ಹುಡುಗೀರು ಏಣಿ ಹತ್ತೋದಾ? ನಡಿ ಮನೆಗೆ’ ಎಂದು ಗದರಿಸಿದ್ದೆ. ಒಮ್ಮೆ ಅಲ್ಲ, ಆ ಕೊಯ್ಲು ಮುಗಿಯುವವರೆಗೂ ಗದರಿಸಿದ್ದೆ.

ಮೂಡಿಗೆರೆಯ ಶಾಲೆಗೆ ನನ್ನ ಬೈಕಿನಲ್ಲೇ ಹೋದೆವು. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದದ್ದು ಅವಳಿಗೆ ಶಾಲೆಗಿಂತ ದೊಡ್ಡ ಸಂಭ್ರಮ. ಶಾಲೆಯ ಮುಂಭಾಗ ಚೆನ್ನಾಗಿತ್ತು. ಸುಣ್ಣ ಬಳಿದ ಗೋಡೆ, ಸಾಲಾಗಿ ಹೂಕುಂಡ, ಬಹುಮಾನದ ಕಪ್ಪುಗಳು ತುಂಬಿದ ಗಾಜಿನ ಬೀರು. ಎಲ್ಲಾ ಕೆಂಪು ಹಣ್ಣು! ತಳ ನೋಡದೆ ಬಿಡುವುದು ಹೇಗೆ? ‘ಹೆಡ್ ಮಿಸ್ ಬರ್ತಾರೆ, ಕೂತಿರಿ’ ಎಂದು ಆಯಾ ಹೇಳಿ ಹೋದಳು. ಸಿಂಚನಳನ್ನು ವರಾಂಡದ ಬೆಂಚಿನಲ್ಲಿ ಕೂರಿಸಿದೆ. ‘ಅಲ್ಲಾಡ್ಬೇಡ, ಈಗ್ಲೇ ಬಂದೆ’ ಎಂದೆ. ಕಟ್ಟಡದ ಪಕ್ಕದ ಓಣಿಯಲ್ಲಿ ನುಗ್ಗಿ ಹಿತ್ತಲಿಗೆ ಹೋದೆ.

ನನ್ನ ಲೆಕ್ಕಾಚಾರ ಸರಿಯಾಗಿಯೇ ಇತ್ತು, ನೀವೇ ಹೇಳಿ. ಶಾಲೆಯ ತಳ ಯಾವುದು? ನಲ್ಲಿ, ಬಚ್ಚಲು, ಕಕ್ಕಸು. ಒಂದು ನಲ್ಲಿ ತಿರುಗಿಸಿದೆ, ನೀರು ಬಂತು. ಇನ್ನೊಂದು ತಿರುಗಿಸಿದೆ, ಅದರಲ್ಲೂ ಬಂತು. ಕಕ್ಕಸಿನ ಬಾಗಿಲಿಗೆ ಚಿಲಕ ಇದೆಯೋ ಎಂದು ಬಗ್ಗಿ ನೋಡುತ್ತಿದ್ದೆ. ಹಿಂದಿನಿಂದ ಯಾರೋ ಕಾಲರ್ ಹಿಡಿದು ಎಳೆದರು.

ವಾಚ್‌ಮನ್. ‘ಯಾರ್ರೀ ನೀವು? ಹುಡುಗೀರ ಕಕ್ಕಸಿನ ಹತ್ರ ಏನು ನೋಡ್ತಿದೀರಾ?’

‘ಚಿಲಕ’ ಎಂದೆ.

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬೆವರಿಳಿದು ಹೋಯಿತು. ಕಿಟಕಿಗಳಲ್ಲೆಲ್ಲಾ ಹುಡುಗಿಯರ ಮುಖ. ವಾಚ್‌ಮನ್ ನನ್ನನ್ನು ಕಾಫಿ ಕಳ್ಳನಂತೆ ಹೆಡ್ ಮಿಸ್ ಕೋಣೆಗೆ ನಡೆಸಿಕೊಂಡು ಹೋದ. ಬೆಂಚಿನಲ್ಲಿದ್ದ ಸಿಂಚನ ಎದ್ದು ನಮ್ಮ ಹಿಂದೆಯೇ ಬಂದಳು. ಸೀಟು ಹೋಯಿತು, ಮಾನವೂ ಹೋಯಿತು, ಮಗಳ ಎದುರಿಗೇ ಹೋಯಿತು ಎಂದುಕೊಂಡೆ. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ಚೀಲದ ವಿಷಯ ತೊದಲುತ್ತಾ ಹೇಳಿದೆ. ಹೆಡ್ ಮಿಸ್ ನಗಲಿಲ್ಲ, ಬೈಯಲೂ ಇಲ್ಲ. ಸಿಂಚನಳ ಕಡೆ ತಿರುಗಿ, ‘ಹೌದೇನಮ್ಮ?’ ಎಂದರು.

‘ಹೌದು ಮಿಸ್. ನಮ್ಮಪ್ಪ ಚೀಲಕ್ಕೆ ಕೈ ಹಾಕ್ದೆ ಯಾವುದನ್ನೂ ನಂಬಲ್ಲ. ಕಳ್ಳ ಅಲ್ಲ ಮಿಸ್. ನನ್ನ ಸೇರಿಸ್ಕೊಳ್ಳಿ.’

ಸೀಟು ಸಿಕ್ಕಿತು. ಬೈಕಿನಲ್ಲಿ ವಾಪಸು ಬರುವಾಗ ನನ್ನ ಎದೆ ಉಬ್ಬಿತ್ತು. ತಳದವರೆಗೂ ಕೈ ಹಾಕಿ ಆರಿಸಿದ ಶಾಲೆ! ಮುಂದೆ ವರ್ಷಗಟ್ಟಲೆ ಇದನ್ನೇ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ಸಿಂಚನ ಬೆಳಿಗ್ಗೆ ಬಸ್ಸು ಹತ್ತುವಳು, ಕೊಟ್ಟಿಗೆಹಾರದಲ್ಲಿ ಇನ್ನೊಂದಕ್ಕೆ ಬದಲಾಯಿಸುವಳು, ಸಂಜೆ ಕತ್ತಲಾಗುವ ಮೊದಲು ಮನೆಗೆ ಬರುವಳು. ಸ್ವಲ್ಪ ಬಡಕಲಾದಳು, ಬೆಳೆಯುವ ವಯಸ್ಸು ಅಂದುಕೊಂಡೆವು. ಆ ದಿನಗಳಲ್ಲೇ ನಮ್ಮ ಹಿತ್ತಲಿನ ನಿಂಬೆಗಿಡದಲ್ಲಿ ಹಣ್ಣು ನಿಲ್ಲುತ್ತಿರಲಿಲ್ಲ. ಮಂಗಗಳ ಕೆಲಸ ಎಂದು ನಾನು ಪಟಾಕಿ ಹೊಡೆಸಿದ್ದೂ ಉಂಟು. ಮಂಗ ನಿಂಬೆಹಣ್ಣು ತಿನ್ನುತ್ತದೆಯೇ ಎಂದು ಒಂದು ದಿನವೂ ಯೋಚಿಸಲಿಲ್ಲ.

ಮೊನ್ನೆ ಕರಿ ಉಂಡೆ ಕೈಗೆ ಬಂದ ಮೇಲೆ ಸಿಂಚನಳಿಗೆ ಫೋನು ಮಾಡಿದೆ. ಈಗ ಅವಳು ಹಾಸನದಲ್ಲಿ ದನದ ಡಾಕ್ಟರಿಕೆ ಓದುತ್ತಿದ್ದಾಳೆ. ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು.

‘ಅಯ್ಯೋ ಅಪ್ಪ, ಇನ್ನೂ ಇದೆಯಾ ಅದು? ಬಸ್ಸಲ್ಲಿ ವಾಂತಿ ಬರ್ತಿತ್ತು. ಮೂಸ್ಕೊಂಡು ಹೋಗ್ತಿದ್ದೆ. ಎರಡು ವರ್ಷ, ದಿನಾ. ಆಮೇಲೆ ಅಭ್ಯಾಸ ಆಯ್ತು. ಎಷ್ಟೋ ದಿನ ತಿಂಡಿ ತಿಂದಂಗೆ ಮಾಡಿ ನಾಯಿಗೆ ಹಾಕ್ತಿದ್ದೆ.’

‘ಹೇಳ್ಬಾರ್ದಿತ್ತೇನೇ?’

‘ಹೇಳಿದ್ರೆ ನೀನು ಮಾರನೇ ದಿನವೇ ಸ್ಕೂಲ್ ಬಿಡಿಸಿ ಅತ್ತೆ ಮನೇಲಿ ಇಡ್ತಿದ್ದೆ. ನಂಗೆ ಅದೇ ಸ್ಕೂಲ್ ಬೇಕಿತ್ತು.’

‘ಯಾಕೆ?’

‘ನೀನು ಕಕ್ಕಸು ನೋಡಕ್ಕೆ ಹೋದ್ಯಲ್ಲ, ಆಗ ಅಂಗಳದಲ್ಲಿ ಒಬ್ಳು ದೊಡ್ಡ ಹುಡುಗಿ ಏಣಿ ಹತ್ತಿ ಗಂಟೆಗೆ ಹಗ್ಗ ಕಟ್ತಿದ್ಲು. ಕೆಳಗೆ ನಾಲ್ಕು ಜನ ಹುಡುಗೀರು ಏಣಿ ಹಿಡ್ಕೊಂಡಿದ್ರು. ಮಿಸ್ ಒಬ್ರು ಅಲ್ಲೇ ನಿಂತಿದ್ರು ಅಪ್ಪ. ಇಳಿಯೇ ಅನ್ಲಿಲ್ಲ. ಗಂಟು ಬಿಗಿಯಾಗಿದ್ಯಾ ಅಂತ ಅಷ್ಟೇ ಕೇಳಿದ್ರು.’

ಫೋನು ಇಟ್ಟವನು ಮನೆಯೊಳಗೆ ನಿಲ್ಲಲಾರದೆ ಕಾಫಿ ಒಣಹಾಕುವ ಕಣದ ಸುತ್ತ ತಿರುಗಿದೆ. ಎಂಥ ಪೆದ್ದ ನಾನು! ನಲ್ಲಿ ನೋಡಿದೆ, ಚಿಲಕ ನೋಡಿದೆ. ದಿನಾ ಹೋಗಿ ಬರುವ ಶಾಲೆಗೆ ದಿನಾ ಹೋಗಿ ಬರುವ ದಾರಿಯೇ ತಳ ಎಂಬುದು ಹೊಳೆಯಲಿಲ್ಲ. ಶಾಲೆ ಆರಿಸಿದವನು ನಾನು ಎಂದು ಬೀಗಿಕೊಂಡು ತಿರುಗಿದೆ. ಆರಿಸಿದವಳು ಅವಳು. ಅದಕ್ಕಾಗಿ ಖಾಲಿ ಹೊಟ್ಟೆಯಲ್ಲಿ ಎರಡು ವರ್ಷ ಬಸ್ಸು ಹತ್ತಿದವಳೂ ಅವಳೇ. ಸಿಟ್ಟು ಬಂತು, ನನ್ನ ಮೇಲೆಯೇ. ಆಮೇಲೆ ಕಣದ ಮೂಲೆಯಲ್ಲಿ ನಿಂತು ಅತ್ತೆ.

ಅದೇ ವಾರ ಮಂಜಯ್ಯ ಬಂದು ತಲೆ ಕೆರೆದುಕೊಂಡು ನಿಂತ. ‘ರೈಟ್ರೆ, ಪಲ್ಲವೀನೂ ಆ ಸ್ಕೂಲಿಗೇ ಹಾಕನ ಅಂತ. ನೀವು ಒಂದ್ಸಲ ಹೋಗಿ ನೋಡ್ಬಿಟ್ರೆ ನಂಗೆ ಧೈರ್ಯ.’

‘ನಾನು ನೋಡೋದಲ್ಲ ಮಾರಾಯ’ ಎಂದೆ. ‘ಮೂರು ಜನ ಹೋಗನ. ಬೈಕು ಬೇಡ, ಜೀಪೂ ಬೇಡ. ಬೆಳಿಗ್ಗೆ ಬಸ್ಸು.’

ಆ ಹೊತ್ತಿನ ಬಸ್ಸನ್ನು ನಾನು ಹತ್ತಿದ್ದೇ ಅದು ಮೊದಲ ಸಲ. ಸೀಟು ಸಿಕ್ಕಿದ್ದು ಹಿಂದಿನ ಚಕ್ರದ ಮೇಲೆ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಬಾಯಲ್ಲಿ ನೀರೂರತೊಡಗಿತು, ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕೂತಿದ್ದ ಪಲ್ಲವಿ ನನ್ನ ಮುಖ ನೋಡಿ ಸಿಂಚನಳ ಆ ಹಳೆಯ ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದಳು. ತಾಜಾ ನಿಂಬೆಹಣ್ಣು.

‘ಮೂಸಿ ಅಂಕಲ್, ಕಣ್ಣು ಮುಚ್ಕಳಿ. ಜಯಂತಕ್ಕ ಇಟ್ಟಿದ್ದು.’

‘ನಿಂಗೆ ಏನೂ ಆಗ್ತಿಲ್ವೇನೇ?’

‘ಇಲ್ಲ. ನಂಗೆ ಬಸ್ಸು ಖುಷಿ.’

ಶಾಲೆಯ ಗೇಟಿನಲ್ಲಿ ಅದೇ ವಾಚ್‌ಮನ್. ಮೀಸೆ ಬೆಳ್ಳಗಾಗಿದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಹಿಂದಕ್ಕೆ ಹೋಗ್ತೀರಾ?’ ಎಂದ. ಮರೆತಿಲ್ಲ ಪುಣ್ಯಾತ್ಮ!

‘ಇಲ್ಲಪ್ಪ. ಇವತ್ತು ನಾನು ಕೂರೋದು.’

ವರಾಂಡದ ಆ ಬೆಂಚಿನಲ್ಲೇ ಕೂತೆ. ಮಂಜಯ್ಯನನ್ನೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿದೆ. ‘ಹೋಗು ಪಲ್ಲವಿ, ಎಲ್ಲಾ ನೋಡ್ಕೊಂಡು ಬಾ. ಬೇಕೋ ಬೇಡ್ವೋ ನೀನೇ ಹೇಳು’ ಎಂದೆ. ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಓಡಿದಳು. ನನ್ನ ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಒಂದು ಕೈಯಲ್ಲಿ ಹೊಸ ನಿಂಬೆ, ಜೇಬಿನಲ್ಲಿ ಹಳೆಯದು. ಓಣಿಯ ಆಚೆ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಬೇಕೆಂದು ಜೀವ ತುಡಿಯಿತು. ಕೈಯಲ್ಲಿದ್ದ ನಿಂಬೆಯನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಬೆಂಚನ್ನು ಹಿಡಿದುಕೊಂಡೆ. ಅವಳು ಬರುವವರೆಗೂ ಏಳಲಿಲ್ಲ.