ಬೊಬ್ಬರ್ಯನ ಎದುರು ನಾನು ಹೇಳಿದ್ದು

ನಾನು ಗಣಪ ಎಂಬವನಿಗೆ ಸುಳ್ಳು ಹೇಳಿದೆ. ಅದೂ ನಮ್ಮ ಕಡಲ ದೈವ ಬೊಬ್ಬರ್ಯನ ಗುಡಿಯ ಎದುರು, ಚಪ್ಪಲಿ ಬಿಚ್ಚಿಟ್ಟು ನಿಂತು ಹೇಳಿದೆ. ಪೊಲೀಸ್ ಕೇಸಿನಿಂದ ಅವನನ್ನು ಉಳಿಸಲು ಹೇಳಿದ್ದು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ — ಅದೂ ಪೂರ್ತಿ ನಿಜವಲ್ಲ. ಈಗ ಅವನು ಜೈಲಿನಲ್ಲಿದ್ದಾನೆ. ಜಾಮೀನು ಸಿಗುತ್ತದೆ ಎಂದು ವಕೀಲರು ಹೇಳಿದರೂ ಬೇಡ ಎನ್ನುತ್ತಿದ್ದಾನೆ. ಅದಕ್ಕೂ ಕಾರಣ ನನ್ನ ಆ ಮಾತೇ.

ನನ್ನ ಕೆಲಸ ಎಂಥದ್ದೆಂದು ಹೇಳದಿದ್ದರೆ ಇದು ನಿಮಗೆ ಅರ್ಥವಾಗುವುದಿಲ್ಲ. ನಾನು ಕುಂದಾಪುರದ ಹತ್ತಿರದ ತೆಕ್ಕಟ್ಟೆಯವನು. ಮುಂಬೈಯ ಕ್ಯಾಂಟೀನೊಂದರಲ್ಲಿ ಅಡುಗೆ ಮಾಡಿಕೊಂಡಿದ್ದೆ. ಕುಡಿದು ಕುಡಿದು ಅಲ್ಲಿ ಯಾರಿಗೂ ಬೇಡವಾಗಿ ಊರಿಗೆ ಬಂದೆ. ಊರಿನಲ್ಲಾದರೂ ನೆಟ್ಟಗಿದ್ದೆನೇ? ಕುಂದಾಪುರದ ಒಂದು ಬಾರಿನಲ್ಲಿ ಕಪಾಟಿನ ಗಾಜು ಒಡೆದು ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ ನನ್ನನ್ನು ಕೇಸಾಗದ ಹಾಗೆ ಬಿಡಿಸಿಕೊಂಡು ಹೋದವರು ಲಿಲ್ಲಿ ಬಾಯಿ. ಬ್ರಹ್ಮಾವರದವರು, ನರ್ಸ್ ಆಗಿ ನಿವೃತ್ತರಾದವರು, ಮಗನನ್ನು ಕುಡಿತದಿಂದ ಕಳೆದುಕೊಂಡವರು. ಒಂದು ಬಾಡಿಗೆ ಕೋಣೆಯಲ್ಲಿ ನಮ್ಮಂಥವರನ್ನು ಸೇರಿಸಿಕೊಂಡು ಅವರು ಒಂದು ಬಳಗ ಕಟ್ಟಿದ್ದರು. ಕುಡಿದು ಗಲಾಟೆ ಮಾಡಿದವನ ಮೇಲೆ ಕೇಸು ಬರೆಯುವ ಮೊದಲು, ನಮ್ಮನ್ನು ಬಲ್ಲ ಪೊಲೀಸರು ನಮಗೊಂದು ಫೋನ್ ಮಾಡುತ್ತಾರೆ. ಅದೇ ಕುಡಿತದ ದಾರಿಯಲ್ಲಿ ನಡೆದು ಬಂದ ನಮ್ಮಲ್ಲೊಬ್ಬ ಹೋಗಿ ಅವನ ಪಕ್ಕ ಕುಳಿತುಕೊಳ್ಳುತ್ತಾನೆ, ಪೆಟ್ಟು ತಿಂದವರನ್ನು ಸಮಾಧಾನ ಮಾಡುತ್ತಾನೆ, ಆಮೇಲೆ ತಿಂಗಳುಗಟ್ಟಲೆ ಅವನ ಬೆನ್ನಿಗಿರುತ್ತಾನೆ. ಹಾವಿನ ಹೆಜ್ಜೆ ಹಾವೇ ಬಲ್ಲದು ಎಂದು ದಫೇದಾರರು ನಮ್ಮನ್ನು ತಮಾಷೆ ಮಾಡುತ್ತಿದ್ದರು. ನನಗೆ ಆ ತಮಾಷೆ ಇಷ್ಟವಿತ್ತು. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಕುಡಿತಕ್ಕೂ ಒಂದು ಮರ್ಯಾದೆ ಸಿಕ್ಕಿತ್ತಲ್ಲ.

ಲಿಲ್ಲಿ ಬಾಯಿ ನಮಗೆ ಹೆಚ್ಚೇನೂ ಪಾಠ ಮಾಡಿದವರಲ್ಲ. ಆದರೆ ಒಂದು ಮಾತನ್ನು ಮಾತ್ರ ಬೆರಳೆತ್ತಿ ಹೇಳುತ್ತಿದ್ದರು: "ಯಾರ ಹತ್ರವೂ ಪ್ರಮಾಣ ಮಾಡಿಸ್ಬೇಡಿ. ಬಿದ್ದವ ಮೊದ್ಲು ನಿಮ್ಗೆ ಫೋನ್ ಮಾಡ್ಬೇಕು. ದೈವಕ್ಕೆ ಹೆದ್ರಿ ಅಡಗಿ ಕೂತ್ರೆ ಅವ ಮತ್ತೆ ನಿಮ್ಗೆ ಸಿಕ್ಕುದಿಲ್ಲ."

ಅವರು ಹೇಳಿದ್ದು ಎಷ್ಟು ಸರಿಯೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕುಡಿತ ಬಿಟ್ಟ ಮೊದಲ ವರ್ಷ ನಾನೇ ಎಷ್ಟೋ ಸಲ ಜಾರಿದ್ದೆ. ಜಾರಿದಾಗಲೆಲ್ಲ ನಾಚಿಕೆ ಬಿಟ್ಟು ಅವರಿಗೆ ಫೋನ್ ಮಾಡಿದೆ. ಅವರು ಬಸ್ಸು ಹತ್ತಿ ಬಂದು ಏನೂ ಕೇಳದೆ ಗಂಜಿ ಬೇಯಿಸಿ ಹಾಕಿದರು. ನಾನು ಉಳಿದದ್ದು ಹಾಗೆ. ಪ್ರಮಾಣದಿಂದಲ್ಲ. ನಾನು ಯಾವ ದೈವದ ಎದುರೂ ಯಾವ ಪ್ರಮಾಣವನ್ನೂ ಮಾಡಿದವನೇ ಅಲ್ಲ.

ಗಣಪ ಬೈಂದೂರಿನ ಕಡೆಯ ಕಡಲ ತಡಿಯವನು, ಬೋಟಿನ ಕೆಲಸದವನು. ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆ ಎಳೆದು ಕಟ್ಟಿದ ಮೇಲೆ ಕೈಗೆ ಕೆಲಸವಿಲ್ಲ, ಕುಡಿತವೊಂದೇ. ಹಾಗೊಂದು ದಿನ ನೆರೆಮನೆಯ ಸೀನಣ್ಣನ ರಿಕ್ಷಾದ ಗಾಜು ಒಡೆದು, ತಡೆಯಲು ಬಂದ ಸೀನಣ್ಣನನ್ನು ದೂಡಿ ಕೈಮೂಳೆ ಮುರಿದ. ಠಾಣೆಯಿಂದ ನನಗೆ ಫೋನ್ ಬಂತು. ಹೋದರೆ ಗಣಪ ಅಮಲಿಳಿದು, ಮೋರೆ ಬಾಡಿ, ಅಳುತ್ತಿದ್ದ. ಸೀನಣ್ಣ ಕೆಟ್ಟವರಲ್ಲ. ಆದರೆ ಇವತ್ತು ಬಿಟ್ಟರೆ ನಾಳೆ ಮತ್ತೆ ಕುಡಿದು ಬರುತ್ತಾನೆ, ಬರುವುದಿಲ್ಲ ಎಂದು ಯಾರು ನಂಬುವುದು ಎಂಬುದೊಂದೇ ಅವರ ಹಟ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಗಬೇಕಾದರೆ ಎರಡು ಮೂರು ಸಲ ಹೋಗಿ ಅವರ ಜಗಲಿಯಲ್ಲಿ ಕೂರಬೇಕಿತ್ತು, ಅವರ ಸಿಟ್ಟನ್ನೆಲ್ಲ ಕೇಳಬೇಕಿತ್ತು. ಅಷ್ಟು ತಾಳ್ಮೆ ನನಗಿರಲಿಲ್ಲ. ಠಾಣೆಗೆ ಹೊಸದಾಗಿ ಬಂದ ಅಧಿಕಾರಿ ನಮ್ಮನ್ನು ಅಷ್ಟಾಗಿ ನಂಬಿರಲಿಲ್ಲ. ಅವರ ಎದುರು ನನಗೆ ಅವತ್ತೇ ಗೆಲ್ಲಬೇಕಿತ್ತು. ಹೌದು, ಗೆಲ್ಲಬೇಕಿತ್ತು — ಬೇರೆ ಶಬ್ದ ಹುಡುಕುವುದಿಲ್ಲ.

ನಮ್ಮ ಕಡಲ ಬದಿಯಲ್ಲಿ ಕೋರ್ಟಿಗೆ ಹೆದರದವನೂ ಬೊಬ್ಬರ್ಯನಿಗೆ ಹೆದರುತ್ತಾನೆ. ನಾನೇ ಹೇಳಿದೆ: ಗುಡಿಗೆ ಹೋಗುವ, ಇನ್ನು ಮುಟ್ಟುವುದಿಲ್ಲ ಎಂದು ಅಲ್ಲಿ ಪ್ರಮಾಣ ಮಾಡಲಿ. ಸೀನಣ್ಣ ಮರುಮಾತಿಲ್ಲದೆ ಒಪ್ಪಿದರು. ಗಣಪನೊಬ್ಬ ಹಿಂಜರಿದ. ಗುಡಿಯ ಎದುರು ನಿಂತವನು ಕೈ ಮುಂದೆ ಮಾಡಲೊಲ್ಲ. ತಪ್ಪಿದರೆ ಮಗಳಿಗೆ ಏನಾದರೂ ಆದೀತು ಎಂದು ಸಣ್ಣ ದನಿಯಲ್ಲಿ ಹೇಳಿದ. ಅವನ ಬಾಯಿಂದ ನಿಜವೇ ಬಂದಿತ್ತು. ತನ್ನ ಬಲ ಎಷ್ಟೆಂದು ಅವನಿಗೆ ಗೊತ್ತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಅವನ ಹೆಗಲ ಮೇಲೆ ಕೈಯಿಟ್ಟು —

"ನಾನೂ ಹೀಂಗೇ ದೈವದ್ ಎದ್ರ್ ಪ್ರಮಾಣ ಮಾಡಿದ್ದೆ, ಗಣಪ. ಆಮೇಲ್ ಒಂದ್ ಸಲ್ವೂ ಮುಟ್ಲಿಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ಕೈ ಮುಂದೆ ಮಾಡಿ, ಮಗಳ ಹೆಸರು ಹೇಳಿ ಪ್ರಮಾಣ ಮಾಡಿದ.

ಕೇಸಾಗಲಿಲ್ಲ. ಅಧಿಕಾರಿ ನನ್ನ ಕೈ ಕುಲುಕಿದರು. ಲಿಲ್ಲಿ ಬಾಯಿಗೆ ನಾನು ರಾಜಿಯಾಯಿತು ಎಂದಷ್ಟೇ ಹೇಳಿದೆ, ಹೇಗಾಯಿತೆಂದು ಹೇಳಲಿಲ್ಲ.

ಮಳೆ ಬಿಟ್ಟು ಬೋಟುಗಳು ಕಡಲಿಗೆ ಇಳಿದವು. ಗಣಪ ಸಂಜೆ ಸಂಜೆ ಫೋನ್ ಮಾಡುತ್ತಿದ್ದ. ಬಲೆಗೆ ಒಳ್ಳೆಯ ಬಂಗುಡೆ ಮೀನು ಬಿದ್ದರೆ ಅದರ ಫೋಟೋ ಕಳಿಸುತ್ತಿದ್ದ. ಮಗಳು ಶಾಲೆಯಲ್ಲಿ ಹಾಡಿದ್ದನ್ನು ಒಮ್ಮೆ ಫೋನಿನಲ್ಲೇ ಕೇಳಿಸಿದ. ಆಮೇಲೆ ಫೋನ್ ನಿಂತಿತು. ನಾನು ಮಾಡಿದರೆ ಎತ್ತುತ್ತಿರಲಿಲ್ಲ. ಕಡಲಿಗೆ ಹೋಗಿರಬೇಕು, ಸುಖವಾಗಿದ್ದಾನೆ, ಇನ್ನು ನಾನೇಕೆ ಎಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಮಾರನೆಯ ಬಸ್ಸಿಗೆ ಓಡುತ್ತಿದ್ದೆ. ಇವನು ಪ್ರಮಾಣ ಮಾಡಿದವನಲ್ಲವೇ — ಅಷ್ಟರಮಟ್ಟಿಗೆ ನನ್ನ ಸುಳ್ಳನ್ನು ನಾನೇ ನಂಬಿದ್ದೆ.

ನಡೆದದ್ದು ಇಷ್ಟು. ಬೋಟಿನವರ ಒಂದು ಊಟದಲ್ಲಿ ಯಾರೋ ಕೈಗಿಟ್ಟ ಲೋಟವನ್ನು ಕುಡಿದುಬಿಟ್ಟಿದ್ದ. ಒಂದೇ ಲೋಟ. ನನ್ನಂತೆ ಫೋನ್ ಮಾಡಿದ್ದರೆ ಒಂದು ಗಂಜಿಯ ಊಟಕ್ಕೆ ಮುಗಿಯುವ ವಿಷಯ. ಆದರೆ ಅವನ ಪಾಲಿಗೆ ಪ್ರಮಾಣ ಮಾಡಿ ತಪ್ಪಿದ ಪಾಪಿ ಲೋಕದಲ್ಲಿ ಅವನೊಬ್ಬನೇ. ಒಮ್ಮೆಯೂ ಜಾರದ ನನಗೆ ಯಾವ ಮೋರೆ ಇಟ್ಟುಕೊಂಡು ಫೋನ್ ಮಾಡಿಯಾನು? ತಾನು ಮನೆಯಲ್ಲಿದ್ದರೆ ದೈವದ ಸಿಟ್ಟು ಮಗಳ ಮೇಲೆ ಬರುತ್ತದೆಂದು ಮನೆ ಬಿಟ್ಟ. ಬೇರೆ ಊರಿನ ಬಂದರಿನಲ್ಲಿ, ಬಲೆ ಇಡುವ ಶೆಡ್ಡಿನಲ್ಲಿ ಮಲಗಿ, ಸಿಕ್ಕಿದಷ್ಟು ಕುಡಿದ. ಒಂದು ಮಧ್ಯಾಹ್ನ ಅವನನ್ನು ಎಬ್ಬಿಸಿ ಹೊರಗೆ ಕಳಿಸಲು ಬಂದ ಕಾವಲಿನ ಮುದುಕನಿಗೆ ದೋಣಿಯ ಹುಟ್ಟಿನಿಂದ ಹೊಡೆದ. ಮುದುಕ ಬದುಕಿದ್ದಾನೆ, ಆದರೆ ಒಂದು ಕಣ್ಣು ಹೋಯಿತು. ಅಂಥ ಕೇಸಿಗೆ ಯಾವ ಠಾಣೆಯವರೂ ನಮಗೆ ಫೋನ್ ಮಾಡುವುದಿಲ್ಲ; ಮಾಡಬಾರದು ಕೂಡ. ಆ ಕಣ್ಣೂ ನನ್ನ ಲೆಕ್ಕಕ್ಕೇ ಸೇರಬೇಕು.

ಜಾಮೀನಿನ ಕಾಗದಕ್ಕೆ ಗಣಪ ಸಹಿ ಹಾಕುತ್ತಿಲ್ಲವೆಂದು ಅವನ ಹೆಂಡತಿ ಜಲಜ ಅಳುತ್ತ ಫೋನ್ ಮಾಡಿದಳು. ಜೈಲಿಗೆ ಹೋದೆ. ಜಾಲರಿಯ ಆಚೆ ನಿಂತ ಅವನು ನನ್ನನ್ನು ಕಂಡು ತಲೆ ತಗ್ಗಿಸಿದ — ಅವನು, ನನ್ನನ್ನು ಕಂಡು! ಯಾಕೆ ಸಹಿ ಹಾಕುವುದಿಲ್ಲ ಎಂದು ಕೇಳಿದೆ.

"ದೈವ ಕೊಟ್ಟ್ ಶಿಕ್ಷೆ ಇಲ್ಲೇ ಮುಗೀಲಿ. ನಾನ್ ತಪ್ಸ್ಕಂಡ್ ಹೊರ್ಗ್ ಬಂದ್ರೆ ಅದ್ ಮಗಳ ಮೇಲ್ ಬತ್ತ್."

ಆಗ ಎಲ್ಲವನ್ನೂ ಹೇಳಿದೆ. ನಾನು ಪ್ರಮಾಣ ಮಾಡಿದವನೇ ಅಲ್ಲ, ಬಿಟ್ಟ ಮೇಲೂ ಎಷ್ಟೋ ಸಲ ಕುಡಿದಿದ್ದೇನೆ, ನಿನ್ನಿಂದ ಪ್ರಮಾಣ ಮಾಡಿಸಿದ್ದು ನನ್ನ ದೊಡ್ಡಸ್ತಿಕೆಗೆ, ತಪ್ಪಿದ್ದು ನೀನಲ್ಲ — ಪಕ್ಕದಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದೆ. ಸತ್ಯಕ್ಕೆ ಅಷ್ಟಾದರೂ ಬಲವಿದೆ, ಇನ್ನು ಅವನು ಸಿಟ್ಟಾಗುತ್ತಾನೆ, ಉಗಿಯುತ್ತಾನೆ, ಸಹಿ ಹಾಕುತ್ತಾನೆ ಎಂದು ಕಾದೆ.

ಗಣಪ ನಕ್ಕ. ಎಷ್ಟೋ ದಿನದ ಮೇಲೆ ನಕ್ಕವನ ಹಾಗಿತ್ತು.

"ನನ್ ಬಿಡ್ಸುಕೆ ನೀವ್ ಸುಳ್ಳ್ ಹೇಳ್ತ್ರಿ. ನಂಗ್ ಗೊತ್ತಾತ್ತ್. ನನ್ಗಾಯ್ ನೀವ್ ಪಾಪ ಕಟ್ಕಂಬುದ್ ಬೇಡ."

ಆಣೆ ಇಟ್ಟು ಹೇಳೋಣವೆಂದರೆ — ನನ್ನ ಬಾಯಿಯಿಂದ ಯಾವ ಆಣೆ? ಲಿಲ್ಲಿ ಬಾಯಿಗೆ ಆವತ್ತೇ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಮರುದಿನ ತಾವೇ ಹೋಗಿ ಅವನ ಹತ್ತಿರ ಮಾತಾಡಿದರು. ಅವರನ್ನೂ ನಾನೇ ಹೇಳಿಕೊಟ್ಟು ಕಳಿಸಿದ್ದೆಂದು ಅವನು ತಿಳಿದ. ಆಮೇಲೂ ನಾನು ಹೋಗುತ್ತಲೇ ಇದ್ದೇನೆ, ಅದನ್ನೇ ಹೇಳುತ್ತಲೇ ಇದ್ದೇನೆ. ಹೇಳಿದಷ್ಟೂ ಅವನ ಕಣ್ಣಿನಲ್ಲಿ ನಾನು ದೊಡ್ಡವನಾಗುತ್ತಿದ್ದೇನೆ. ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ತಿಳಿಯದು. ಆದರೆ ನನಗೆ ಶಿಕ್ಷೆಯಾದರೆ ಅವನಿಗೇನು ಬಂತು?

ಕಳೆದ ಬಾರಿ ಹೋದಾಗ ಜಲಜ ಮಗಳ ಕೈ ಹಿಡಿದು ಜೈಲಿನ ಗೇಟಿನ ಹೊರಗೆ ಕಾಯುತ್ತಿದ್ದಳು. ನನ್ನ ಮುಖ ನೋಡಿಯೇ ಈ ಸಲವೂ ಅವನು ಸಹಿ ಹಾಕಲಿಲ್ಲವೆಂದು ಅವಳಿಗೆ ಗೊತ್ತಾಯಿತು. ಆದರೂ ನನಗೇ ಧೈರ್ಯ ಹೇಳಿದಳು.

"ಬೇಜಾರ್ ಮಾಡ್ಬೇಡಿ. ಇನ್ನೊಂದ್ ಸಲ ಹೇಳಿ ಕಾಣಿ. ಅವ್ರ್ ಬೇರೆ ಯಾರ್ ಮಾತೂ ಕೇಂಬುದಿಲ್ಲ, ನಿಮ್ಮ್ ಮಾತೊಂದ್ ಕೇಂತ್ರ್."

ಹೌದು, ಕೇಳಿದ್ದ. ಆ ಗುಡಿಯ ಎದುರು ಒಮ್ಮೆ ಕೇಳಿದ್ದ. ಅದನ್ನು ಅವಳಿಗೆ ಹೇಳಲು ಬಾಯಿ ತೆರೆದೆ, ಮಗು ನನ್ನನ್ನೇ ನೋಡುತ್ತಿತ್ತು, ಬಸ್ಸು ಬಂತೆಂದು ಓಡಿ ಹತ್ತಿದೆ. ಈ ಭಾನುವಾರ ಅವರ ಮನೆಗೆ ಹೋಗುತ್ತೇನೆ. ಮೊದಲು ಜಲಜಳಿಗೆ, ಆಮೇಲೆ ಸೀನಣ್ಣನಿಗೆ ಹೇಳುತ್ತೇನೆ. ಅವರಾದರೂ ನನ್ನನ್ನು ನಂಬಿ ಬಯ್ಯಲಿ.