ನನ್ನ ವೈವಾಗೆ ಮೈಕ್ ಹಿಡಿದ ಪಾಷಾ ತಾತ

ಸದಾಶಿವನಗರದಲ್ಲಿ ನಮ್ಮ ಪಕ್ಕದ ಮನೆಯ ಮುನಾವರ್ ಪಾಷಾ ತಾತ ಕುಣಿಗಲ್‌ನಲ್ಲಿ ಮೂವತ್ತೆಂಟು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಮದುವೆ, ಸಭೆ, ಸ್ಕೂಲ್ ಡೇ, ಎಲ್ಲ ಕಡೆ ಆಂಪ್ಲಿಫೈಯರ್ ಪಕ್ಕದ ಕುರ್ಚಿ ಅವರದೇ. ಲಿನಕ್ಸ್ ಅನ್ನುವ ಹೆಸರನ್ನು ಅವರು ಮೊದಲು ಕೇಳಿದ್ದು ಮೊನ್ನೆ ಗುರುವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ. ಹನ್ನೊಂದಕ್ಕೆ ನನ್ನ ಪ್ರಾಜೆಕ್ಟ್ ವೈವಾ, ಅದೂ ಆನ್‌ಲೈನ್, ಪ್ರಾಜೆಕ್ಟ್ ಇರುವುದು ವಿಂಡೋಸ್ ಬದಲು ಲಿನಕ್ಸ್ ಹಾಕಿದ ನನ್ನ ಡೆಸ್ಕ್‌ಟಾಪ್‌ನಲ್ಲಿ, ತಪ್ಪಿದರೆ ಮುಂದಿನ ಸೆಮಿಸ್ಟರ್, ಮತ್ತು ಮೈಕ್ ಸತ್ತಿದೆ.

ಕಾಂಪೌಂಡ್ ಆಚೆಯಿಂದ ತಾತನ ದನಿ ಬಂತು. "ಇಂಪನಾ, ಎಷ್ಟೊತ್ತಿಂದ ಹಲೋ ಹಲೋ ಅಂತಿದ್ದೀಯ, ಆ ಕಡೆ ಯಾರೂ ಇಲ್ವಾ?"

"ಸ್ಪೀಕರಲ್ಲಿ ಸೌಂಡ್ ಬರ್ತಿದೆ ತಾತ, ನಾನ್ ಮಾತಾಡಿದ್ದು ಹೋಗ್ತಿಲ್ಲ."

"ಅಷ್ಟೇನಾ. ಇರು, ಬಂದೆ."

"ರೀ, ಅದು ಕಂಪ್ಯೂಟರ್ರು, ನಿಮ್ಮ ಹಾರ್ನ್ ಸ್ಪೀಕರ್ ಅಲ್ಲ," ಎಂದರು ಅವರ ಹೆಂಡತಿ ಖುರ್ಷಿದಾ ಅಜ್ಜಿ. "ಹುಡುಗಿ ಪಾಸಾಗ್ಲಿ ಬಿಡಿ."

"ಈ ಕಡೆ ಬಾಯಿ, ಆ ಕಡೆ ಕಿವಿ, ಮಧ್ಯ ವೈರು. ಯಾವ್ದಾದ್ರೇನು."

ಇದು ಲಿನಕ್ಸ್ ಎಂದೆ, ಅದೇನಾದರಾಗಲಿ ವಾಲ್ಯೂಮ್ ಎಲ್ಲಿದೆ ತೋರಿಸು ಎಂದು ಬಂದವರೇ ಸೌಂಡ್ ಸೆಟ್ಟಿಂಗ್ಸ್ ತೆಗೆಸಿದರು. ಇನ್‌ಪುಟ್ ಜಾಗದಲ್ಲಿ ಎರಡು ಹೆಸರಿದ್ದವು, ಫ್ರಂಟ್ ಮೈಕ್, ರಿಯರ್ ಮೈಕ್.

"ಪಿನ್ ಎಲ್ಲಿ ಚುಚ್ಚಿದ್ದೀಯ?"

"ಮುಂದೆ."

"ಆನ್ ಆಗಿರೋದು ಹಿಂದಿನ್ದು. ಸ್ಟೇಜಲ್ಲಿ ಎರಡ್ ಮೈಕ್ ಇಟ್ಟು, ಯಾರೂ ನಿಲ್ದೇ ಇರೋ ಮೈಕಿಗೆ ವಾಲ್ಯೂಮ್ ಕೊಟ್ಟಂಗಾಯ್ತು."

ಫ್ರಂಟ್ ಆರಿಸಿದೆ, ಮೈಕಿನ ದನಿ ಎಷ್ಟೆಂದು ತೋರಿಸುವ ಪಟ್ಟಿಯಲ್ಲಿ ಹಸಿರು ಕುಣಿಯಿತು, ಆದರೆ ರೆಕಾರ್ಡ್ ಮಾಡಿ ಕೇಳಿದರೆ ಬರೀ ಗರಗರ. ಪಿನ್ ಕೊಳೆಯಾಗಿದೆ ಎಂದು ತಾತ ಅದನ್ನು ಕಿತ್ತು ಕರ್ಚೀಫಿನಲ್ಲಿ ತಿಕ್ಕಿ ಮತ್ತೆ ಚುಚ್ಚಿದರು. ಈಗ ಗರಗರವೂ ಇಲ್ಲ, ಹಸಿರೂ ಇಲ್ಲ. ಗಂಟೆ ಹತ್ತು ಐವತ್ತಾರು.

"ತಾತ, ಇದ್ದಿದ್ದೂ ಹೋಯ್ತು," ಎಂದೆ.

ಅವರು ಗಾಬರಿಯಾಗಲಿಲ್ಲ. ಕನ್ನಡಕ ಮೇಲೇರಿಸಿ ಪರದೆ ನೋಡಿ ನಕ್ಕರು. "ನಂದೇ ಕೆಲ್ಸ. ಪಿನ್ ಕೀಳೋಕ್ ಮುಂಚೆ ವಾಲ್ಯೂಮ್ ಸೊನ್ನೆಗೆ ತಂದ್ಬಿಟ್ಟೆ. ಇಲ್ದಿದ್ರೆ ಹಾರ್ನ್ ಡಬ್ ಅನ್ನುತ್ತೆ, ಮದುವೆ ಮನೇಲಿ ಮಕ್ಕಳು ಅಳ್ತವೆ."

ನಿಜ, ಮಾತಾಡುತ್ತಲೇ ಮೌಸ್ ಹಿಡಿದು ಇನ್‌ಪುಟ್ ವಾಲ್ಯೂಮನ್ನು ಪೂರ್ತಿ ಎಡಕ್ಕೆ ಎಳೆದಿದ್ದರು, ನಾನು ಗಡಿಯಾರ ನೋಡುತ್ತಾ ಗಮನಿಸಿರಲಿಲ್ಲ. ಮತ್ತೆ ಬಲಕ್ಕೆ ಎಳೆದರು, "ಮಾತಾಡು" ಎಂದರು, ಮಾತಾಡಿದೆ, ಪಟ್ಟಿ ಮುಕ್ಕಾಲು ತುಂಬಿತು. ರೆಕಾರ್ಡ್ ಮಾಡಿ ಕೇಳಿದರೆ ನನ್ನ ದನಿ ಗಾಜಿನಷ್ಟು ಸ್ವಚ್ಛ.

ಹನ್ನೊಂದಕ್ಕೆ ವೈವಾ ತೆಗೆದುಕೊಳ್ಳುವ ಮೇಡಂ ಪರದೆ ಮೇಲೆ ಬಂದರು. ತಾತ ಎದ್ದು ಹೋಗಲಿಲ್ಲ. ಮಾತಾಡುವವರು ಮುಗಿಸುವ ತನಕ ಮೈಕ್ ಸೆಟ್‌ನವನು ಕುರ್ಚಿ ಬಿಡುವಂತಿಲ್ಲವಂತೆ. ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತು, ನಾನು ಉತ್ಸಾಹದಲ್ಲಿ ಕಿರುಚಿದಾಗೆಲ್ಲ ಕೈ ಕೆಳಗೆ ಮಾಡಿ ಮೆಲ್ಲಗೆ ಎಂದು ತೋರಿಸಿದರು, ನಾನು ಮೆಲ್ಲಗಾದೆ, ಪ್ರಶ್ನೆ ಬಂದ ಹಾಗೆ ಉತ್ತರ ಕೊಟ್ಟೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಮೇಡಂ, "ಗುಡ್, ನಿಮ್ಮದು ಮುಗೀತು" ಎಂದರು.

ಕಾಲ್ ಕಟ್ಟಾದ ಮೇಲೆ ತಾತನ ಮುಖದಲ್ಲಿ ಸ್ವಲ್ಪ ಅಸಮಾಧಾನ. "ಇನ್ನೊಂದೆರಡು ಕೇಳ್ಬೋದಿತ್ತು ಆಯಮ್ಮ. ಸೌಂಡು ಈಗ ತಾನೆ ಚೆನ್ನಾಗಿ ಸೆಟ್ಟಾಗಿತ್ತು."