ಪುಲಿ ಏರು

ಎಂ.ಎ. ಭೂಗೋಳದ ಎರಡನೆಯ ವರ್ಷ ನಾನು ಪ್ರಬಂಧಕ್ಕೆ ಆರಿಸಿಕೊಂಡದ್ದು ಬಳ್ಳಾರಿಯ ಪಶ್ಚಿಮಕ್ಕಿರುವ ಕಬ್ಬಿಣದ ಅದಿರಿನ ಗುಡ್ಡಗಳನ್ನು. ಮದ್ರಾಸ್ ಸರ್ಕಾರದ ಕಾಲದ ಸರ್ವೆ ನಕ್ಷೆಯೊಂದು ವಿಭಾಗದ ಬೀರುವಿನಲ್ಲಿತ್ತು. ಅಂದಿನ ಕಾಡು ಎಲ್ಲಿತ್ತು, ಇಂದಿನ ಗಣಿ ಎಲ್ಲಿದೆ ಎಂದು ಹೊಸ ನಕ್ಷೆ ಬರೆಯುವುದು ನನ್ನ ಕೆಲಸ. ಹಳೆಯ ಹಾಳೆ ಮಡಿಕೆಯಲ್ಲಿ ಸವೆದು ಒಂದು ಕಡೆ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು ಮಾತ್ರ ಉಳಿದಿತ್ತು: ಪುಲಿ ಏರು. ನಾನು ಹೊಸ ನಕ್ಷೆಯಲ್ಲಿ ಅಲ್ಲೊಂದು ಹಳ್ಳ ಬರೆದೆ.

ನನ್ನ ಮಾರ್ಗದರ್ಶಕರು ಮೈಸೂರಿನ ಕಡೆಯವರು. ನೋಡಿ ನಕ್ಕರು.

“ಹಳ್ಳ ಎಲ್ಲಿಂದ ಬಂತಮ್ಮಾ? ಪುಲಿ ಅಂದ್ರೆ ಹುಲಿ, ಹಳೆಗನ್ನಡ. ಏರು ಅಂದ್ರೆ ಹತ್ತೋ ದಾರಿ. ಅಳಿಸು.”

“ತೆಲುಗಿನಲ್ಲಿ ಏರು ಅಂದ್ರೆ ಹಳ್ಳ, ಸರ್. ಬಳ್ಳಾರಿಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ.”

“ಅಲ್ಲಿ ನೀರೇ ಹರಿದಿಲ್ಲ ಅಂತ ಗಣಿಯವರು ಹೇಳ್ತಾರೆ. ಅವರಿಗಿಂತ ನಿನಗೆ ಗೊತ್ತಾ?”

ರಜೆಯಲ್ಲಿ ಕುರುಗೋಡಿನ ಸೋದರಮಾವನನ್ನು ಹೊರಡಿಸಿಕೊಂಡು ಗುಡ್ಡಕ್ಕೆ ಹೋದೆ. ಹಳೆಯ ನಕ್ಷೆಯಲ್ಲಿ ಕಾಡಿನ ನಡುವೆ ಆ ಹೆಸರಿದ್ದ ಜಾಗದಲ್ಲಿ ಗಣಿಯಿಂದ ತಂದು ಸುರಿದ ಕೆಂಪು ಮಣ್ಣಿನ ರಾಶಿ ನಿಂತಿತ್ತು. ಕಾವಲುಗಾರ ಕೂಗಿದ.

“ಯಾರ್ರೀ ಅದು? ಹೆಣ್ಮಗಳ್ನ ಕರ್ಕೊಂಡು ಇಲ್ಲಿಗ್ಯಾಕ ಬಂದ್ರಿ?”

“ನಾನೆಲ್ಲಿ ಕರ್ಕೊಂಡ್ ಬಂದೀನಪ್ಪಾ? ಅಕೀನ ನನ್ನ ಎಳ್ಕೊಂಡ್ ಬಂದಾಳ!” ಎಂದ ಮಾವ.

“ಹೊಂಡ್ರಿ, ಹೊಂಡ್ರಿ.”

ನಾನು ಹೊರಡಲಿಲ್ಲ. ರಾಶಿಯ ಬುಡದಲ್ಲಿ ಕುಳಿತು ಕೈಯಿಂದ ಮಣ್ಣು ಕೆದರಿದೆ. ಸುತ್ತಲಿನ ಗುಡ್ಡದ ಕಲ್ಲೆಲ್ಲ ಚೂಪು. ಮಣ್ಣಿನಡಿ ಸಿಕ್ಕವು ನುಣ್ಣಗೆ, ಉರುಟಾಗಿದ್ದವು. ನೀರಿನಲ್ಲಿ ಬಹುಕಾಲ ಉರುಳದೆ ಕಲ್ಲು ಹಾಗಾಗುವುದಿಲ್ಲ.

ರಜೆ ಮುಗಿದ ಮೇಲೆ ಅವನ್ನು ತಂದು ಮಾರ್ಗದರ್ಶಕರ ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ.

“ಕಲ್ಲು ಎಲ್ಲಿ ಬೇಕಾದ್ರೂ ಸಿಗುತ್ತೆ. ಹಳ್ಳ ಅಳಿಸಿಕೊಂಡು ಬಾ, ಸಹಿ ಹಾಕ್ತೀನಿ.”

“ಅಳಿಸೋದಿಲ್ಲ, ಸರ್.”

“ಒಂದು ವರ್ಷ ಹೋಗುತ್ತೆ.”

“ಹೋಗಲಿ.”

ಪೆನ್ಸಿಲಿನಲ್ಲಿದ್ದ ಹಳ್ಳದ ಮೇಲೆ ಅಂದೇ ಹಾಸ್ಟೆಲಿನಲ್ಲಿ ಶಾಯಿ ಎಳೆದೆ. ಜೊತೆಯವರೆಲ್ಲ ಪಾಸಾದರು. ನಾನು ಬಳ್ಳಾರಿಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತ ಬೈದಳು.

“ಒಂದು ಗೆರಿ ಸಲುವಾಗಿ ವರ್ಷ ಹಾಳ್ ಮಾಡ್ಕೊಂಡ್ಯಲ್ಲೇ!”

“ಗೆರಿ ಅಲ್ಲವ್ವಾ, ಅದು ಹಳ್ಳ” ಎಂದೆ. ಮರುವರ್ಷ ಅದೇ ನಕ್ಷೆಯನ್ನು ಮಾರ್ಗದರ್ಶಕರ ಮುಂದೆ ಮತ್ತೆ ಬಿಚ್ಚಿದೆ.